ಸುಮತಿಯ ಅಲಸಂದೆ ಗಿಡ

ಮಗಳು ತೆಂಗಿನ ಗೆರಟೆಯಲ್ಲಿ ಅಲಸಂದೆ ಬಿತ್ತಿದ್ದಾಳೆ. ಶಿರಾಲಿಯ ಶಾಲೆಯಲ್ಲಿ ನಾವೂ ಹಾಗೇ ಬಿತ್ತಿ, ದಿನಾ ಗಿಡದ ಎತ್ತರ ಅಳೆದು, ಅಲ್ಲಿದ್ದ ಒಂದೇ ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ತುಂಬುತ್ತಿದ್ದೆವು.

ಗೆಳತಿ ಸುಮತಿ ಜ್ವರದಲ್ಲಿ ಮಲಗಿದವಳು, "ನನ್ ಗಿಡಕ್ಕೂ ನೀರು ಹಾಕೇ" ಅಂದಿದ್ದಳು. ನಾನು ಮರೆತೆ. ಗಿಡ ಒಣಗಿತು. ಬೈಗುಳಕ್ಕೆ ಹೆದರಿ, ಅವಳ ಹೆಸರಿನ ಕೆಳಗಿದ್ದ ಅಂಕಿಗಳನ್ನು ಮೌಸಿನಲ್ಲಿ ಹಿಡಿದು ಎಳೆದೆ. ಉಳಿದ ದಿನಗಳ ಎತ್ತರ ಏರುತ್ತ ತಾನಾಗಿ ತುಂಬಿಕೊಂಡಿತು.

ಸುಮತಿ ಆ ಜ್ವರದಲ್ಲೇ ತೀರಿಕೊಂಡಳು. ನಮಗೆ ವಿಜ್ಞಾನ ಕಲಿಸುವ ಅಕ್ಕೋರು ಅವಳ ಗಿಡದ ಗ್ರಾಫನ್ನು ಮೀನು ಮಾರುವ ಅವಳ ತಾಯಿಗೆ ಕೊಟ್ಟರು. ಏರುವ ಗೆರೆಯನ್ನೇ ನೋಡುತ್ತ ಆಕೆ, "ಆ ಗಿಡ ನಂಗೆ ಕೊಡಿ ಅಕ್ಕೋರೆ, ಮನೆ ಹತ್ರ ನೆಡ್ತೆ" ಅಂದಳು. ನನ್ನ ಗಿಡವನ್ನೇ ಎತ್ತಿಕೊಟ್ಟೆ.

ಆಮೇಲೊಂದು ದಿನ ಆಕೆ ಎಳೆ ಅಲಸಂದೆಯ ಕಟ್ಟು ತಂದು ನನ್ನ ಕೈಗಿಟ್ಟಳು. "ಸುಮತಿ ಗಿಡದ್ದು, ತಿನ್ನು ಮಗಾ."

ಇವತ್ತು ಮಗಳ ಗೆರಟೆಗೆ ಮೂರನೇ ಸಲ ನೀರು ಹಾಕಿದೆ.

"ಸಾಕಮ್ಮ, ಬೇರು ಕೊಳೀತದೆ" ಅಂದಳು.