ಅಳದ ಮಗುವಿನ ಪಕ್ಕ ಕೂತ ಬೆಕ್ಕು

"ಇದ್ಯಾಕೆ ಇವತ್ತೂ ಆ ಮಗೀನ ಅತ್ರಾನೇ ಓಗಿ ಕುಂತೈತೆ?"

ಪಾಪಕ್ಕ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿರುವವರೆಲ್ಲ ನಿದ್ದೆಗಣ್ಣಿನ ಮಕ್ಕಳು. ಊರಿಗಾಂನ ಹಳೆಯ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೆಂಗಳೂರಿನ ಕೆಲಸಕ್ಕೆ ಮುಂಜಾನೆಯ ಟ್ರೈನು ಹಿಡಿಯುವ ತಾಯಂದಿರು, ಹೊದಿಕೆಯಲ್ಲಿ ಸುತ್ತಿದ ಮಕ್ಕಳನ್ನು ತಂದು ಈ ಚಾಪೆಯ ಮೇಲೆ ಮಲಗಿಸಿ ಸ್ಟೇಷನ್ನಿನ ಕಡೆ ಓಡುತ್ತಾರೆ. ಯಾರೂ ಹಿಂತಿರುಗಿ ನೋಡುವುದಿಲ್ಲ. ನೋಡಿದರೆ ಕಾಲು ಏಳುವುದಿಲ್ಲ.

ಅವರು ಬಂಗಾರಪೇಟೆ ದಾಟಿ, ದುಡಿದು, ಕತ್ತಲಾದ ಮೇಲೆ ಮರಳುವ ತನಕ ಹನ್ನೊಂದು ಮಕ್ಕಳಿಗೆ ಪಾಪಕ್ಕನೇ ದಿಕ್ಕು. ಗಣಿ ಮುಚ್ಚಿ ಗಂಡನ ಕೆಲಸ ಹೋದಾಗ ಹಿಡಿದ ಕಸುಬು ಇದು. ಗಂಡ ಈಗಿಲ್ಲ, ಕಸುಬು ಉಳಿದಿದೆ. ಬಾಗಿಲಿಗೆ ಬೋರ್ಡಿಲ್ಲ, ಹೊರಗಿನವರಿಗೆ ಇಂಥದೊಂದು ಮನೆ ಇದೆಯೆಂದೇ ಗೊತ್ತಿಲ್ಲ. ದೇವರ ಮುಂದೆ ದೀಪ ಹಚ್ಚಿ ರಾಗಿ ಗಂಜಿಗೆ ನೀರಿಟ್ಟರೆ ಆಮೇಲೆ ಕೂರಲು ಪುರುಸೊತ್ತಿಲ್ಲ. "ಪಾತ್ರೇಲಿ ಗಂಜಿ ಮಿಕ್ಕಿದ್ರೆ ನಂದು. ಮಿಗಲಿಲ್ಲಾಂದ್ರೆ ಅವತ್ತು ನಂಗೆ ಏಕಾದಶಿ," ಎಂದು ನಗುತ್ತಾರೆ.

ಮನೆಯಲ್ಲಿ ಇನ್ನೊಂದು ಜೀವವಿದೆ. ಬೂದು ಬಣ್ಣದ ಗಂಡು ಬೆಕ್ಕು, ಹೆಸರು ದೊರೆ. "ಬಿಳಿ ದೊರೆಗಳ ಕಂಪ್ನಿ ಕಾಲದಾಗೆ ಉಟ್ಟಿದ್ರೆ ಇದುಕ್ಕೂ ಒಂದು ಬಂಗ್ಲೆ ಕೊಟ್ಟಿರೋರು," ಎಂದು ಪಕ್ಕದ ಮನೆಯ ಕುಪ್ಪುಸ್ವಾಮಿ ಹಂಗಿಸುತ್ತಾರೆ; ಅವರೂ ಗಣಿಗಿಳಿದು ಬಂದವರೇ. ಪಾಪಕ್ಕನಿಗೆ ಸಿಟ್ಟು ಬಂದರೆ, ಬಾಯಿ ತೆರೆಯುವ ಮುನ್ನವೇ ದೊರೆ ಬಾಲ ಬಡಿಯುತ್ತ ಅಟ್ಟ ಹತ್ತುತ್ತದೆ. ರಚ್ಚೆ ಹಿಡಿದು ಕಿರುಚುವ ಮಗುವಿನ ಹತ್ತಿರ ಸುಳಿಯದೆ, ಮಾರು ದೂರದಲ್ಲಿ ಕೂತು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತದೆ. ಒಳಗೊಳಗೇ ಕೊರಗುವ ಮಗುವಿದ್ದರೆ ಮಾತ್ರ ಹೋಗಿ ಮೈ ಆನಿಸಿ ಗುರುಗುಟ್ಟುತ್ತದೆ.

ಪಾಪಕ್ಕ ಗೊಂದಲಕ್ಕೆ ಬಿದ್ದಿರುವುದು ಅದಕ್ಕೇ. ಈಚೆಗೆ ದೊರೆ ಬಿಟ್ಟು ಕದಲದಿರುವುದು ನಾಲ್ಕು ವರ್ಷದ ಕಲಾಳನ್ನು. ಕಲಾ ಅಳುವುದೇ ಇಲ್ಲ. ಇಡೀ ಲೈನಿನಲ್ಲಿ ಜಾಣೆ ಎಂದು ಹೆಸರು. ಬಾಯಿಗೆ ಹಾಲು ಅಂಟಿರಬೇಕೆಂದು ಪಾಪಕ್ಕ ಅವಳ ಮುಖ ಒರೆಸಿ ನೋಡಿದ್ದಾರೆ. ಹೊದಿಕೆ ಬದಲಿಸಿದ್ದಾರೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದೀತೆಂದು ದೊರೆಯನ್ನು ಅಡುಗೆಮನೆಗೆ ತಳ್ಳಿ ಕದವನ್ನೂ ಹಾಕಿದ್ದಾರೆ. ಅದು ಕದ ಕೆರೆದು ಕೆರೆದು ಮತ್ತೆ ಅಲ್ಲಿಗೇ ಬರುತ್ತದೆ.

ಕಲಾಳ ತಂದೆ ಸೆಲ್ವರಾಜ್ ಕಳೆದ ವರ್ಷ ಕೆಲಸದ ಜಾಗದಲ್ಲಿ ಗೋಡೆ ಕುಸಿದು ತೀರಿಕೊಂಡಿದ್ದಾನೆ. ಮಗುವಿಗೆ ಯಾರೂ ಹೇಳಿಲ್ಲ. ಮುಂಜಾನೆ ಮನೆ ಬಿಡುವವರ ಊರಿದು. ಅಪ್ಪ ಟ್ರೈನ್ ಹತ್ತಿ ಕೆಲಸಕ್ಕೆ ಹೋಗಿದ್ದಾನೆಂದರೆ ಮಗು ನಂಬುತ್ತದೆ. ತಾಯಿ ಶ್ಯಾಮಲಾ ಹಾಗೆಂದಳು, ಕುಪ್ಪುಸ್ವಾಮಿ ಹಾಗೆಂದರು. ಪಾಪಕ್ಕ ಅದಕ್ಕೊಂದು ಮಾತು ಸೇರಿಸಿದರು: "ನೀನು ಅಳ್ದೇ ಇದ್ರೆ ಬೇಗ ಬತ್ತಾನೆ."

ಇವತ್ತು ಗಂಜಿ ಲೋಟ ಹಿಡಿದು ಅವರು ಕಲಾಳ ಬೆನ್ನ ಹಿಂದೆ ಬರುವ ಹೊತ್ತಿಗೆ ದೂರದಲ್ಲಿ ಟ್ರೈನು ಕೂಗುತ್ತದೆ. ಕಲಾ ಬೆಕ್ಕಿನ ಕಿವಿಗೆ ಬಾಯಿಟ್ಟು ಪಿಸುಗುಡುತ್ತಾಳೆ.

"ದೊರೆ, ಅಮ್ಮಾನೂ ಅಪ್ಪ ಓದ ಟ್ರೈನಾಗೇ ಓದ್ಲಾ? ನಾನು ಅಳ್ಲಿಲ್ಲ ಕಣೋ. ಇವತ್ತೂ ಅಳ್ಲಿಲ್ಲ."

ಪಾಪಕ್ಕ ಗಂಜಿ ಲೋಟವನ್ನು ನೆಲಕ್ಕಿಡುತ್ತಾರೆ. ಬೆಳಗಾದರೆ ಈ ಮಗು ತಾಯಿಯನ್ನು ಕಳೆದುಕೊಳ್ಳುತ್ತಿತ್ತು, ಕತ್ತಲಾದರೆ ಪಡೆಯುತ್ತಿತ್ತು, ಮತ್ತೆ ಬೆಳಗಾಗುತ್ತಿತ್ತು. ಜಾಣತನವೆಂದು ಎಲ್ಲರೂ ಹೊಗಳಿದ್ದು ಅದರ ಭಯವನ್ನು. ದೊರೆ ತಲೆಯೆತ್ತಿ ಪಾಪಕ್ಕನ ಮುಖ ನೋಡುತ್ತದೆ. ಎದ್ದು ಬಂದು ಅವರ ಕಾಲಿಗೆ ಒಮ್ಮೆ ಮೈ ಒತ್ತಿ, ಮಗುವಿನ ಪಕ್ಕಕ್ಕೆ ಮರಳುತ್ತದೆ.

ಸುದ್ದಿ ಕೇಳಿದ ಕುಪ್ಪುಸ್ವಾಮಿ ಜಗಲಿಯ ಮೇಲೆ ಕೂರುತ್ತಾರೆ. "ಒಳ್ಳೇದಕ್ಕೇ ಅಲ್ವಾಮ್ಮ ಅಂಗೆ ಏಳಿದ್ದು ನಾವು?"

"ಒಳ್ಳೇದಕ್ಕೇ ಕಣಣ್ಣ. ಒಳ್ಳೇದಕ್ಕೇ ಮಗೀನ ಬಾಯಿ ಕಟ್ಟಿಬಿಟ್ವಿ."

ಹೆದರಿದವರನ್ನು ಬೆಕ್ಕು ದನಿಯಿಂದ, ಮೈವಾಸನೆಯಿಂದ ಗುರುತಿಸಬಲ್ಲದೆಂದು ಪರೀಕ್ಷೆ ಮಾಡಿ ನೋಡಿದವರು ಹೇಳುತ್ತಾರೆ. ಪಾಪಕ್ಕ ತಲೆಯಾಡಿಸುತ್ತಾರೆ. "ಇರ್ಬೋದು. ದಿನಾ ಎತ್ತಿ ಮುದ್ದಾಡೋ ನಂಗೆ ಬರಲಿಲ್ವಲ್ಲ ಆ ವಾಸ್ನೆ."

ಕತ್ತಲಾದ ಮೇಲೆ ಶ್ಯಾಮಲಾ ಬರುತ್ತಾಳೆ. ಮಕ್ಕಳೆಲ್ಲ ಹೋಗುವ ತನಕ ಅವಳನ್ನು ನಿಲ್ಲಿಸಿಕೊಂಡು ಪಾಪಕ್ಕ ಎಲ್ಲವನ್ನೂ ಹೇಳುತ್ತಾರೆ. ಶ್ಯಾಮಲಾ ಹೆಗಲ ಚೀಲ ಇಳಿಸುವುದನ್ನೂ ಮರೆತು ಗೋಡೆಗೆ ಒರಗುತ್ತಾಳೆ. ಒಳಗೆ ಕಲಾ ನಿದ್ದೆ ಹೋಗಿದ್ದಾಳೆ.

"ಅಕ್ಕ, ನಂಗೆ ಬಾಯೇ ಬರಲ್ಲ," ಎನ್ನುತ್ತಾಳೆ. "ಅವ್ರಪ್ಪನ ಇಸ್ಯ ನೀವೇ ಏಳ್ಬಿಡಿ. ನಿಮ್ಮ ಮಾತು ಕೇಳ್ತಾಳೆ. ನಾಳೆ ನಾನು ಓದ್ಮೇಲೆ, ಮೆಲ್ಲಗೆ."

ಜ್ವರ ಬಂದ ಮಗುವನ್ನು, ದಡಾರದ ಮಗುವನ್ನು, ಟ್ರೈನು ತಪ್ಪಿ ಮಾರನೇ ದಿನ ಬಂದ ತಾಯಿಯ ಮಗುವನ್ನು ಬೇಡ ಎನ್ನದೆ ಇಟ್ಟುಕೊಂಡ ಮನೆ ಇದು. ಪಾಪಕ್ಕ ಶ್ಯಾಮಲಾಳ ಹೆಗಲಿನ ಚೀಲವನ್ನು ತಾವೇ ತೆಗೆದು ಕೆಳಗಿಡುತ್ತಾರೆ.

"ಆಗಲ್ಲ ಕಣೇ. ನಾನು ಏಳಲ್ಲ. ಆ ಮಾತು ನಿನ್ ಬಾಯಿಂದ್ಲೇ ಬರ್ಬೇಕು. ನಾಳೆ ನೀನು ಟ್ರೈನ್ ಅತ್ಬೇಡ."