ಇಸ್ತ್ರಿ ಮಾಡಿದ ಬಡತನ

ಬಡವರನ್ನು ಕಣ್ಣಿನಿಂದಲೇ ತೂಗಿಬಿಡುವ ಮಹಾವಿದ್ಯೆಯನ್ನು ಸಿದ್ಧಿಸಿಕೊಂಡ ಪುರುಷೋತ್ತಮರು ಲೋಕದಲ್ಲಿ ಎಲ್ಲ ಕಾಲಕ್ಕೂ ಇದ್ದಾರೆ. ಅಂಥವರಲ್ಲೊಬ್ಬನು ಆಹಾರ ನೆರವಿನ ಕಚೇರಿಯ ಪರಿಶೀಲಕನಾಗಿ ಇಸ್ತ್ರಿಯಮ್ಮನ ಹೊಸ್ತಿಲು ತುಳಿದದ್ದು ಒಂದು ಸೋಮವಾರ.

ಇಸ್ತ್ರಿಯಮ್ಮನಿಗೆ ಅರವತ್ತೆಂಟು. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಲವತ್ತು ವರ್ಷ ಊರವರ ಸುಕ್ಕುಗಳನ್ನು ನೀವುತ್ತ ಬಂದವಳು. ಗಂಡ ಹೋದ, ಮಗಳೂ ಹೋದಳು, ಮಗಳು ಬಿಟ್ಟುಹೋದ ಏಳು ವರ್ಷದ ಮೊಮ್ಮಗಳೊಬ್ಬಳು ಉಳಿದಳು. ಮೊಣಕಾಲು ಬಾತು, ದಿನಕ್ಕೆ ಹತ್ತು ಬಟ್ಟೆಗಿಂತ ಹೆಚ್ಚು ಕೈಸಾಗದಾದ ಮೇಲೆ, ಮುದುಕರಿಗೂ ಮಕ್ಕಳಿಗೂ ವಾರಕ್ಕೊಮ್ಮೆ ಧಾನ್ಯ, ಎಣ್ಣೆ, ಹಾಲಿನಪುಡಿ ಕೊಡಿಸುವ ಆ ಕಚೇರಿಯ ಚೀಟಿಯೇ ಇಬ್ಬರ ಹೊಟ್ಟೆಗೂ ಆಧಾರವಾಗಿತ್ತು.

ಅವಳದೊಂದು ಕಟ್ಟುಪಾಡು. ಕಾದ ಇಸ್ತ್ರಿಪೆಟ್ಟಿಗೆಯನ್ನು ಗಿರಾಕಿಯ ಬಟ್ಟೆಗೆ ಮುಟ್ಟಿಸುವ ಮುನ್ನ ತನ್ನದೋ ಮೊಮ್ಮಗಳದೋ ಬಟ್ಟೆಯ ಮೇಲೆ ಓಡಿಸಿ ಶಾಖವನ್ನು ಪರೀಕ್ಷಿಸುವಳು. ಸುಟ್ಟರೆ ತನ್ನದು ಸುಡಲಿ, ಪರರದು ಬೇಡವೆಂಬ ಧರ್ಮ. ಹೀಗಾಗಿ ಆ ಮನೆಯ ಹಳೆಯ ಬಟ್ಟೆಗಳೆಲ್ಲ ಸದಾ ಗರಿಗರಿ. ಒಳಮಗ್ಗುಲಲ್ಲಿ ಮಾತ್ರ ಸುಟ್ಟ ಕಂದು ಕಲೆಗಳು.

ಪರಿಶೀಲಕನು ಗರಿಯನ್ನು ಕಂಡನು, ಕಲೆಯನ್ನು ಕಾಣಲಿಲ್ಲ.

“ಏನಮ್ಮಾ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆಯಾ? ಮಗು ಫ್ರಾಕ್ ನೋಡಿದ್ರೆ ಮದುವೆಗೆ ಹೊರಟ ಹಾಗಿದೆ!”

“ಅದು ನನ್ನ ಕಸುಬು ಕಣಪ್ಪಾ. ಬೇಕಾದ್ರೆ ಡಬ್ಬ ತೆಗೆದು ನೋಡು, ತಳ ಕಾಣುತ್ತೆ.”

“ಡಬ್ಬ ನೋಡೋದು ನನ್ನ ಕೆಲಸ ಅಲ್ಲ.”

ಹಸಿವನ್ನು ಹುಡುಕಲು ಬಂದವನಿಗೆ ಡಬ್ಬ ನೋಡುವುದು ಕೆಲಸವಲ್ಲ! ‘ಉಡುಪು ಅಚ್ಚುಕಟ್ಟು, ನೆರವು ಅನಗತ್ಯ’ ಎಂದು ಗೀಚಿ, ಅವಳ ಚೀಟಿಯನ್ನು ಕಿಸೆಗಿಳಿಸಿಕೊಂಡು ನಡೆದನು. ಹಸಿವನ್ನು ಹೊಟ್ಟೆಯೊಳಗಿಟ್ಟ ಭಗವಂತನಿಗೆ ಅದನ್ನು ಅಂಗಿಯ ಮೇಲೂ ಬರೆಯಬೇಕೆಂಬುದು ಹೊಳೆಯದೇ ಹೋಯಿತಲ್ಲ!

ಎರಡು ವಾರದಲ್ಲಿ ಅನ್ನ ಗಂಜಿಯಾಯಿತು, ಗಂಜಿ ನೀರಾಯಿತು. ಮೊಮ್ಮಗಳು ಲೋಟ ನೆಕ್ಕುವುದನ್ನು ಕಂಡು ಮಹಡಿಯ ದರ್ಜಿಯವಳು ಉಪಾಯ ಹೇಳಿದಳು:

“ಅಕ್ಕಾ, ನಾಳೆ ಮೇಲಧಿಕಾರಿ ದೂರು ಕೇಳ್ತಾರಂತೆ. ಬಟ್ಟೇನ ದಿಂಬಿನಡಿ ಹಾಕಿ ಮುದುರು. ತಲೆ ಕೆದರ್ಕೊ. ಎರಡು ಸಲ ಕೆಮ್ಮು.”

“ನಲವತ್ತು ವರ್ಷ ಬಿಡಿಸಿದ್ದನ್ನ ಈಗ ನಾನೇ ಮುದುರಲಾ? ಹೋಗೇ!”

“ಸರಿ ಬಿಡು, ಗರಿಗರಿಯಾಗಿ ಉಪವಾಸ ಬೀಳು.”

ಮರುದಿನ ಕಚೇರಿಯ ಬೆಂಚಿನ ಮೇಲೆ ದಾರಿದ್ರ್ಯದ ನಾಟಕಶಾಲೆಯೇ ನೆರೆದಿತ್ತು. ಒಬ್ಬ ಕನ್ನಡಕ ಅಡಗಿಸಿದ್ದ. ಒಬ್ಬಳು ಚಪ್ಪಲಿಯನ್ನು ಚೀಲಕ್ಕೆ ತುರುಕಿ ಬರಿಗಾಲಲ್ಲಿ ಕುಳಿತಿದ್ದಳು. ನಿಜವಾದ ಹಸಿವಿಗೂ ವೇಷ ಕಟ್ಟಬೇಕಾಗಿ ಬಂದರೆ ಆ ಪಾಪ ಕಟ್ಟಿದವರದಲ್ಲ, ಕಟ್ಟಿಸಿದವರದು. ಅವರ ನಡುವೆ ಇಸ್ತ್ರಿಯಮ್ಮ ನೀಟಾದ ಮಡಿಕೆಗಳೊಡನೆ ಮೊಮ್ಮಗಳ ಕೈಹಿಡಿದು ನಿಂತಳು.

ಅಂದೇ ದಾನಿಗಳ ಭೇಟಿ; ಅಂಗಳದಲ್ಲಿ ಫೋಟೋದವನು ಕಾದಿದ್ದನು. ಮೇಲಧಿಕಾರಿ ಹೊರಬಂದು ಬೆಂಚಿನತ್ತ ನೋಡಿ ಮೂಗು ಮುರಿದನು.

“ಇವರನ್ನ ಫೋಟೋದಲ್ಲಿ ನಿಲ್ಲಿಸಿದ್ರೆ ನಮ್ಮ ನೆರವು ತಿಂದೇ ಹೀಗಾದ್ರು ಅಂತಾರೆ! ಆ ಅಜ್ಜಿ ನೋಡ್ರೀ, ಎಷ್ಟು ಲಕ್ಷಣವಾಗಿದ್ದಾರೆ! ಅವರನ್ನೇ ಕರೀರಿ.”

“ಹೌದು ಸಾರ್,” ಎಂದನು ಪರಿಶೀಲಕ, ನಾಲಿಗೆ ಒಂದಿಷ್ಟೂ ತೊದಲದೆ. “ಅವರನ್ನ ಗುರುತಿಸಿದ್ದೇ ನಾನು.”

ಇಸ್ತ್ರಿಯಮ್ಮ ಕದಲಲಿಲ್ಲ. “ಇವನು ಗುರುತಿಸಿದ್ದು ನಿಜ. ಗುರುತಿಸಿ ನನ್ನ ಚೀಟಿ ಕಿತ್ಕೊಂಡ. ಮೊದಲು ಅದನ್ನ ಕೊಡಿಸಿ, ಆಮೇಲೆ ನಿಲ್ತೀನಿ.”

ದಾನಿಗಳ ಕಾರು ಗೇಟಿಗೆ ಬಂದಿತ್ತು. ಎರಡು ವಾರ ಕದಲದ ಕಚೇರಿಯ ಮೊಹರು ಎರಡು ನಿಮಿಷದಲ್ಲಿ ಅವಳ ಚೀಟಿಯ ಮೇಲೆ ಬಿದ್ದಿತು. ಕೈಗೆ ಆ ವಾರದ ಧಾನ್ಯದ ಚೀಲ ಕೊಟ್ಟು ಅಜ್ಜಿಯನ್ನೂ ಮೊಮ್ಮಗಳನ್ನೂ ದಾನಿಗಳ ನಡುವೆ ನಿಲ್ಲಿಸಿದರು.

“ಅಜ್ಜೀ, ಸ್ವಲ್ಪ ನಗಿ.”

“ತಪ್ಪಿದ ಎರಡು ವಾರದ್ದೂ ತರಿಸಪ್ಪಾ, ನಗ್ತೀನಿ.”

ಮೇಲಧಿಕಾರಿ ಹುಬ್ಬು ಹಾರಿಸಿದನು. ಪರಿಶೀಲಕನೇ ಉಗ್ರಾಣಕ್ಕೆ ಓಡಿ ಎರಡು ಚೀಲಗಳನ್ನು ಬೆನ್ನಮೇಲೆ ಹೊತ್ತು ತಂದನು. ಬೆವರಿಗೆ ಅವನ ಅಂಗಿ ಹಿಂಡಿದ ಒರೆಸುಬಟ್ಟೆಯಂತಾಗಿತ್ತು. ಇಸ್ತ್ರಿಯಮ್ಮ ಅದನ್ನು ಕಾಲರಿನಿಂದ ಅಂಚಿನವರೆಗೆ ಕಸುಬಿನ ಕಣ್ಣಿನಿಂದ ನೋಡಿದಳು. ನಗು ತಾನಾಗಿ ಬಂತು.