ಕೆಂಪಿಯ ತವರು

ಹಲ್ಲಿನಣ್ಣ ತೀರಿಕೊಂಡ. ಭಾನುವಾರ ಸಂಜೆ, ಮನೆಯ ಮುಂದಿನ ಕೋಣೆಯಲ್ಲಿ, ಅಕ್ವೇರಿಯಂ ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಗ ಅವನ ಹೃದಯ ನಿಂತಿತು. ವಯಸ್ಸು ಅರವತ್ತು ದಾಟಿತ್ತು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಪುಣ್ಯವಂತ, ಮೀನು ನೋಡುತ್ತ ಶಾಂತವಾಗಿ ಹೋದ. ತೊಟ್ಟಿಯಲ್ಲಿ ಆಗ ಒಂದು ಮೀನೂ ಇರಲಿಲ್ಲ. ಅದನ್ನಾದರೂ ಕಣ್ಣುಬಿಟ್ಟು ನೋಡಬಹುದಿತ್ತು. ಇನ್ನು ಶಾಂತಿ ಅವನ ಹತ್ತಿರ ಸುಳಿದದ್ದೇ ಅಪರೂಪ. ಅವನು ಹೋದದ್ದು ಸಿಟ್ಟಿನಲ್ಲಿ. ಆ ಸಿಟ್ಟು ಎಲ್ಲಿಂದ ಬಂತೆಂದು ಕೇಳದೆ ಅವನನ್ನು ಶಾಂತಮೂರ್ತಿ ಮಾಡಿ ಗೋಡೆಗೆ ತೂಗುಹಾಕುವುದು ಅವನಿಗೆ ಮಾಡುವ ಅವಮಾನ.

ಅವನ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಿದ್ದರು. ಇವನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಗುಲಾಬಿ ಬಣ್ಣದ ವಸಡು, ಬಿಳಿ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಿದ್ದ. ಮುರಿದ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ನೇರ ಬರುವವರೂ ಇದ್ದರು. ಬಾಯಿಗೆ ಕೈ ಅಡ್ಡ ಹಿಡಿದು ಬಂದವರು ಬೈಸಿಕೊಂಡು, ಆಮೇಲೆ ನಗುತ್ತ ಹೋಗುತ್ತಿದ್ದರು. ಬೈಗುಳ ಅವನಲ್ಲಿ ಪುಕ್ಕಟೆ.

ಹಿಂದಿನ ಕೋಣೆ ಹೊಟ್ಟೆಪಾಡಿಗಾದರೆ ಮುಂದಿನ ಕೋಣೆ ಉಪ್ಪುನೀರಿಗೆ. ಗೋಡೆಯುದ್ದದ ಗಾಜಿನ ತೊಟ್ಟಿ, ಅದರೊಳಗೆ ಕಡಲಪಾಚಿ. ಹಸಿರು, ಕಂದು, ಎಲ್ಲಕ್ಕಿಂತ ಹೆಚ್ಚಾಗಿ ಕೆಂಪು. ಆ ಕೆಂಪು ಪಾಚಿಯನ್ನು ಹೆಂಡತಿಯೊಂದಿಗೆ ಮೊದಲ ಸಲ ಕಡಲಿಗೆ ಹೋದಾಗ ಒಂದು ಕಲ್ಲಿನ ಸಮೇತ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದ. ದಾರಿಯುದ್ದಕ್ಕೂ ಡಬ್ಬಿ ಹೆಂಡತಿಯ ಮಡಿಲಲ್ಲಿತ್ತು. ಮಕ್ಕಳಾಗಲಿಲ್ಲ, ಪಾಚಿ ಉಳಿಯಿತು. ಅದಕ್ಕೆ ಕೆಂಪಿ ಎಂದು ಹೆಸರಿಟ್ಟದ್ದು ಹೆಂಡತಿ. ಅಷ್ಟು ಅಧಿಕಾರ ಕೊಟ್ಟ ಗಂಡ ತೊಟ್ಟಿಯೊಳಗೆ ಮಾತ್ರ ಅವಳ ಬೆರಳು ಅದ್ದಗೊಡಲಿಲ್ಲ. "ಪಾತ್ರೆ ಸೋಪು" ಎನ್ನುತ್ತಿದ್ದ. ತೊಟ್ಟಿಯ ದೀಪದ ಬಿಸಿಗೆ ಮುಚ್ಚಳದ ಮೇಲೆ ಮಲಗುವ ಬೆಕ್ಕಿಗೆ ಇನ್‌ಸ್ಪೆಕ್ಟರ್ ಎಂದು ಹೆಸರು. "ಅದಕ್ಕಿರೋ ಸಲಿಗೆ ನನಗಿಲ್ಲ" ಎಂದು ಅವಳು ಬಂದವರೆದುರು ಆಡಿಕೊಳ್ಳುತ್ತಿದ್ದಳು.

ಊರಿನಲ್ಲಿ ಉಪ್ಪುನೀರಿನ ಹುಚ್ಚು ಹಿಡಿದ ನಾಲ್ಕಾರು ಮನೆಗಳಿದ್ದವು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ನರ್ಸಮ್ಮ ತನ್ನ ಗಿಳಿಯನ್ನು ಭುಜದ ಮೇಲೆ ಕೂರಿಸಿಕೊಂಡೇ ಬರುತ್ತಿದ್ದಳು. ಯಾರ ಮೀನು ಮರಿ ಹಾಕಿತು, ಯಾರ ಆಮೆ ಊಟ ಬಿಟ್ಟಿತು ಎಂಬ ಮಾತಾದ ಮೇಲೆ, ಪಾಚಿ ಹೆಚ್ಚು ಬೆಳೆದವರು ಕತ್ತರಿಸಿ ಹಂಚುತ್ತಿದ್ದರು. ಇದಕ್ಕೆ ಅವರು ಹೆಣ್ಣು ಕೊಡುವುದು ಎನ್ನುತ್ತಿದ್ದರು. ಕೊಟ್ಟವರು, ಪಡೆದವರು ಅಂದಿನಿಂದ ಬೀಗರು. ಕೊಟ್ಟ ತೊಟ್ಟಿ ತವರು. ತಮಾಷೆಗೆ ಶುರುವಾದದ್ದು ಆಮೇಲೆ ಕಾನೂನೇ ಆಯಿತು: ತವರಿನ ತೊಟ್ಟಿ ಹಾಳಾಗಿ, ತವರಿನವರು ತಾವೇ ಬಂದು ಕೇಳಿದರೆ ಮಗಳನ್ನು ಕಳಿಸಬೇಕು, ಇಲ್ಲವೆನ್ನುವಂತಿಲ್ಲ. ಸಾಕಲಾಗದಿದ್ದರೆ ಚರಂಡಿಗೆ ಎಸೆಯುವಂತಿಲ್ಲ. ಬಿಸಿಲಲ್ಲಿ ಒಣಗಿಸಿಯೇ ಬಿಸಾಡಬೇಕು.

ಕೆಂಪಿಯನ್ನು ಹಲ್ಲಿನಣ್ಣ ಮೂರು ಮನೆಗೆ ಕೊಟ್ಟ. ಒಂದು ಮನೆಯಲ್ಲಿ ಮೀನು ತಿಂದುಹಾಕಿತು. ಇನ್ನೊಂದರಲ್ಲಿ ಬಿಸಿಲಿಗೆ ನೀರು ಕಾದು ಕರಗಿತು. ಉಳಿದದ್ದು ಸ್ಟುಡಿಯೋದವನ ಮನೆಯದು. ಪಾಸ್‌ಪೋರ್ಟ್ ಫೋಟೋ ತೆಗೆಯುವ, ಯಾವಾಗಲೂ ಇಸ್ತ್ರಿ ಅಂಗಿಯ, ಸೆಂಟು ಪೂಸಿಕೊಳ್ಳುವ ಮನುಷ್ಯ. ಹಲ್ಲಿನಣ್ಣನಿಗಿಂತ ಚಿಕ್ಕವನು. ಬೀಗರೇ, ಬೀಗರೇ ಎಂದು ಬಾಯ್ತುಂಬ ಕರೆಯುತ್ತಿದ್ದ.

ಹಲ್ಲಿನಣ್ಣನ ತೊಟ್ಟಿಯಲ್ಲಿ ಇನ್ನೊಂದು ವಿಶೇಷವಿತ್ತು. ಯಾರೋ ಗಿರಾಕಿ ಬಾಯಿಗೆ ಕೂರಲಿಲ್ಲವೆಂದು ಬಿಟ್ಟುಹೋದ ಹಲ್ಲಿನ ಸೆಟ್ಟನ್ನು ಕೆಂಪಿಯ ಬುಡದಲ್ಲಿ ಇಟ್ಟಿದ್ದ. ಹೆಬ್ಬೆರಳುದ್ದದ ಒಂದು ಮೀನು ಅದರ ಮೇಲ್ದವಡೆ, ಕೆಳದವಡೆಯ ನಡುವೆ ಸಂಸಾರ ಹೂಡಿತ್ತು. ಅದು ಇಣುಕಿದಾಗಲೆಲ್ಲ ಸೆಟ್ಟು ನಾಲಿಗೆ ಚಾಚಿದಂತೆ ಕಾಣುತ್ತಿತ್ತು. ಬಂದವರು ಅದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು.

ಒಂದು ಭೇಟಿಯ ಹಿಂದಿನ ದಿನ ಸೆಟ್ಟು ನಡುಮಧ್ಯೆ ಬಿರುಕು ಬಿಟ್ಟಿತು. ಮೀನಿಗೆ ಮನೆಯಿಲ್ಲ. ಹಲ್ಲಿನಣ್ಣ ಅದನ್ನು ತೆಗೆದು, ವಸಡು ಕಟ್ಟುವ ಪುಡಿ, ದ್ರವ ಕಲಸಿ, ಬೆಸೆದು, ಭೇಟಿಯ ದಿನ ಬೆಳಿಗ್ಗೆ ಮತ್ತೆ ನೀರಿಗಿಟ್ಟ. ಮಧ್ಯಾಹ್ನ ಎಲ್ಲರೂ ಬಂದರು. ಸ್ಟುಡಿಯೋದವನು ಫೋಟೋ ತೆಗೆಯುವ ಗಡಿಬಿಡಿಯಲ್ಲಿ, ಅಡ್ಡ ಬಂದ ಎಳೆಗಳನ್ನು ಸರಿಸಲು ಕೈ ತೊಳೆಯದೆ ನೀರಿಗೆ ಕೈ ಹಾಕಿದ. ಹಲ್ಲಿನಣ್ಣ ಗದರಿದ, ಅವನು ನಕ್ಕ, ಮಾತು ಅಲ್ಲಿಗೆ ಮುಗಿಯಿತು. ಮರುದಿನ ಮೀನು ಹೊಟ್ಟೆ ಮೇಲಾಗಿ ತೇಲಿತು. ಅದರ ಮರುದಿನ ನೀರು ಕದಡಿತು. ವಾರದೊಳಗೆ ಕೆಂಪಿ ತುದಿಯಿಂದ ಬುಡದವರೆಗೆ ಬಿಳಿಚಿ, ಬೇಯಿಸಿದಂತೆ ಮೆತ್ತಗಾಗಿ, ಮುಟ್ಟಿದರೆ ಕೈಗೆ ಬಂತು. ಉಳಿದ ಪಾಚಿಯೂ ಹೋಗಿ ತೊಟ್ಟಿ ಖಾಲಿಯಾಯಿತು.

ಹಲ್ಲಿನಣ್ಣ ಮನೆಮನೆಗೆ ಹೋಗಿ ಹೇಳಿದ. "ಸೆಂಟು ಮೆತ್ತಿದ ಕೈ ಅದ್ದಿ ನನ್ನ ಮಗಳನ್ನ ಕೊಂದ." ಸ್ಟುಡಿಯೋದವನನ್ನು ಯಾರೂ ಭೇಟಿಗೆ ಕರೆಯದಂತಾಯಿತು. ಕರೆದ ಒಂದೆರಡು ಮನೆಗಳಲ್ಲಿ ಅವನು ತೊಟ್ಟಿಯ ಹತ್ತಿರ ಹೋದರೆ ಮನೆಯವರು ನಡುವೆ ಬಂದು ನಿಲ್ಲುತ್ತಿದ್ದರು. ಬೀಗತನ ಮುರಿಯಿತು.

ತಿಂಗಳುಗಳು ಕಳೆದವು. ಒಂದು ದಿನ ಹಿಂದಿನ ಕೋಣೆಗೆ ಒಬ್ಬ ಅಜ್ಜಿ ರಿಪೇರಿಯಾದ ಸೆಟ್ಟು ಒಯ್ಯಲು ಬಂದಳು. ಕೈಗೆ ಕೊಟ್ಟ ಕೂಡಲೇ ಬಾಯಿಗೆ ಇಟ್ಟುಕೊಳ್ಳಲು ಹೋದಳು. ಹಲ್ಲಿನಣ್ಣ ಜೀವಮಾನವಿಡೀ ಹೇಳಿದ್ದನ್ನೇ ಹೇಳತೊಡಗಿದ: "ಅವಸರ ಮಾಡ್ಬೇಡಿ ಅಜ್ಜಿ. ಹೊಸದಾಗಿ ಬೆಸೆದಿದ್ದು, ಹಸಿ ಇರುತ್ತೆ. ಬೇರೆ ನೀರಲ್ಲಿ ಹಾಕಿಟ್ಟು, ನೀರು ಬದಲಿಸಿ, ಆ ವಿಷ ಬಿಟ್ಟ ಮೇಲೆ..."

ಮಾತು ಅಲ್ಲೇ ನಿಂತಿತು. ಅಜ್ಜಿ ಏನಾಯಿತೆಂದು ಕೇಳಿದಳು. ಅವನು ಏನೂ ಇಲ್ಲವೆಂದ. ಅವಳು ಹೋದ ಮೇಲೆ ಉಜ್ಜುವ ಯಂತ್ರ ಸುಮ್ಮನೆ ತಿರುಗುತ್ತಲೇ ಇತ್ತು. ಹೆಂಡತಿ ಬಂದು ಆರಿಸಿದಳು.

ತಪ್ಪು ಗೊತ್ತಾದರೆ ಮನುಷ್ಯ ಮೆತ್ತಗಾಗುತ್ತಾನೆ ಎನ್ನುವವರು ಅವನನ್ನು ನೋಡಬೇಕಿತ್ತು. ಅವನ ಸಿಟ್ಟು ದುಪ್ಪಟ್ಟಾಯಿತು. ಸ್ಟುಡಿಯೋದವನು ತಪ್ಪು ಮಾಡದೇ ಇದ್ದದ್ದು ಅವನಿಗೆ ಅದಕ್ಕಿಂತ ದೊಡ್ಡ ತಪ್ಪಾಗಿ ಕಂಡಿತು. ಕೈ ತೊಳೆಯದೆ ಹಾಕಿದ್ದನಲ್ಲ, ಅವನಿಂದಲೇ ಆಗಿದ್ದರೆ ಏನಾಗುತ್ತಿತ್ತು ಅವನಿಗೆ? ಬಾಗಿಲಿನ ಮೇಲೆ, ಅಚ್ಚಿನ ಪ್ಲಾಸ್ಟರಿನ ಮೇಲೆ, ಇನ್‌ಸ್ಪೆಕ್ಟರ್ ಮೇಲೆ ಕೂಗಾಡಿದ. ಖಾಲಿ ತೊಟ್ಟಿಗೆ ಹೊಸ ಉಪ್ಪುನೀರು ತುಂಬಿ, ದೀಪ ಹಚ್ಚಿ, ಏನೂ ಇಲ್ಲದ ನೀರನ್ನು ನೋಡುತ್ತ ಕೂತ. ತೊಟ್ಟಿಯಲ್ಲಿದ್ದ ಹಲ್ಲಿನ ಸೆಟ್ಟನ್ನು, ಕೊಂದದ್ದು ನೀನು ಎಂದು ಬೈಯುತ್ತ, ಸುತ್ತಿಗೆಯಿಂದ ಪುಡಿ ಮಾಡಿದ. ಹೆಂಡತಿಗೆ ಅರ್ಥವಾದದ್ದು ಆವಾಗ.

"ಹೋಗಿ ಒಂದು ಮಾತು ಹೇಳಿ ಬನ್ರೀ" ಎಂದಳು.

"ಯಾವ ಮಾತು?"

"ಆ ಸೆಟ್ಟಿಗೆ ಹೇಳಿದ ಮಾತು."

ಅವನು ಹೋಗಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಸುದ್ದಿ ತಂದಳು. ಸ್ಟುಡಿಯೋ ಕಟ್ಟಡ ಕೆಡವುತ್ತಾರೆ, ಅಲ್ಲೇ ಮನೆ ಮಾಡಿಕೊಂಡಿದ್ದ ಅವನು ಒಂಟಿ ಕೋಣೆಗೆ ಹೋಗುತ್ತಿದ್ದಾನೆ, ತೊಟ್ಟಿಗೆ ಜಾಗವಿಲ್ಲ. ಯಾರು ಕೇಳಿದರೂ ಕೆಂಪಿಯನ್ನು ಕೊಡುತ್ತಿಲ್ಲವಂತೆ. ತವರಿನವರು ಭಾನುವಾರದೊಳಗೆ ಬಂದು ಕೇಳಿದರೆ ಕೊಡುತ್ತಾನಂತೆ, ಇಲ್ಲದಿದ್ದರೆ ತಾರಸಿಯ ಮೇಲೆ ಒಣಹಾಕುತ್ತಾನಂತೆ. ನಾನೇ ಒಯ್ದು ಕೊಡಲಾ ಎಂದು ನರ್ಸಮ್ಮ ಅವನನ್ನು ಕೇಳಿಯೂ ಇದ್ದಳು. ಆಗುವುದಿಲ್ಲ, ಅವನೇ ಬರಬೇಕು ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದನಂತೆ.

ಭಾನುವಾರ ಊಟವಾದ ಮೇಲೆ ಹಲ್ಲಿನಣ್ಣ ಹಳೆಯ ಸ್ಟೀಲ್ ಡಬ್ಬಿ ತೊಳೆದು ಕೈಯಲ್ಲಿ ಹಿಡಿದು ಹೊರಟ. ಹೆಂಡತಿಯೂ ಹೋದಳು. ಸ್ಟುಡಿಯೋದಲ್ಲಿ ಪರದೆಗಳನ್ನೆಲ್ಲ ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಒಳಕೋಣೆಯಲ್ಲಿ ತೊಟ್ಟಿಯ ದೀಪ ಮಾತ್ರ ಉರಿಯುತ್ತಿತ್ತು. ಅದರ ತುಂಬ ಕೆಂಪಿ, ತವರಿನಲ್ಲಿದ್ದಾಗಲೂ ಇಷ್ಟು ಸೊಂಪಾಗಿರಲಿಲ್ಲ. ಅದನ್ನು ಕಂಡು ಹಲ್ಲಿನಣ್ಣನಿಗೆ ಮೈಯೆಲ್ಲ ಉರಿಯಿತು.

"ಹೇಳಿ, ಹಲ್ಲಿನವರೇ" ಎಂದ ಸ್ಟುಡಿಯೋದವನು. ಬೀಗರೇ ಎನ್ನಲಿಲ್ಲ.

"ಮಗಳನ್ನ ಕರ್ಕೊಂಡು ಹೋಗೋಕೆ ಬಂದೆ."

"ಬರೀ ಅಷ್ಟಕ್ಕೇ ಬಂದ್ರಾ?"

ಹಲ್ಲಿನಣ್ಣ ಡಬ್ಬಿಯ ಮುಚ್ಚಳ ತೆಗೆದ, ಮತ್ತೆ ಹಾಕಿದ. "ನಿನ್ನ ಕೈ ಅಲ್ಲ. ನಾನೇ. ಹಸಿ ಸೆಟ್ಟು ಇಟ್ಟೆ."

"ಯಾವಾಗ ಗೊತ್ತಾಯ್ತು?"

"ಮೂರು ತಿಂಗಳಾಯ್ತು."

ಸ್ಟುಡಿಯೋದವನು ದನಿ ಏರಿಸದೆ ಹೇಳಿದ: "ಮೂರು ತಿಂಗಳು ಬಾಯಿಗೆ ನೀವೇ ಕಟ್ಟಿದ ಸೆಟ್ಟು ಹಾಕ್ಕೊಂಡು ಕೂತಿದ್ರಾ? ನನ್ನ ಕೈ ನೋಡಿದ್ರೆ ನನಗೇ ಅಸಹ್ಯ ಆಗೋ ಹಾಗೆ ಮಾಡಿದ್ರಿ. ಕೇಳಿದ್ದೀರಿ, ಕೊಡ್ತೀನಿ, ನಿಯಮ ನಿಯಮವೇ. ಬೀಗತನ ಇಲ್ಲ."

ಕೈ ತೊಳೆದು, ಮೊಣಕೈವರೆಗೆ ತೋರಿಸಿ, ಕೆಂಪಿಯನ್ನು ಕಲ್ಲಿನ ಸಮೇತ ಎತ್ತಿ ಡಬ್ಬಿಗಿಟ್ಟ. ಒಂದು ಎಳೆಯನ್ನೂ ಉಳಿಸಿಕೊಳ್ಳಲಿಲ್ಲ.

ದಾರಿಯುದ್ದಕ್ಕೂ ಹಲ್ಲಿನಣ್ಣ ಅವನನ್ನು ಬೈದ. ಕ್ಷಮಿಸಿದ್ದರೂ ಬೈಯುತ್ತಿದ್ದ, ಆ ಮಾತು ಬೇರೆ. ಸ್ವಲ್ಪ ದೂರವಾದ ಮೇಲೆ ಬೈಗುಳದಲ್ಲಿ ಅವನ ಹೆಸರು ಹೋಗಿ ತನ್ನದೇ ಸೇರಿತು. ಡಬ್ಬಿ ಹೆಂಡತಿಯ ಕೈಯಲ್ಲಿತ್ತು.

ಸಂಜೆ ಮನೆಗೆ ಬಂದವನೇ ಇನ್‌ಸ್ಪೆಕ್ಟರನ್ನು ಓಡಿಸಿ ಮುಚ್ಚಳ ತೆಗೆದ. ಅಂಗಿಯ ತೋಳು ಮಡಿಸಿದ. ಆಮೇಲೆ ತನ್ನ ಕೈಗಳನ್ನೇ ನೋಡಿ ಹಿಂದೆ ಸರಿದು ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟ.

"ನೀನೇ ಇಡು" ಎಂದ. "ನನ್ನ ಕೈ ಬೇಡ."

"ಪಾತ್ರೆ ಸೋಪು?" ಎಂದಳು ಅವಳು.

"ತಲೆ ತಿನ್ಬೇಡ. ತೊಳ್ಕೊಂಡು ಇಡು."

ಅವಳು ಕೈಗಡಿಯಾರ ಬಿಚ್ಚಿ, ಕೈ ತೊಳೆದು, ತೊಟ್ಟಿಯ ಹಿಂದಿನ ಸಂದಿಯಲ್ಲಿ ನಿಂತು ಮೊದಲ ಸಲ ಆ ನೀರಿಗೆ ತೋಳು ಇಳಿಸಿದಳು. ನೀರಿನ ಆಚೆ ಕುರ್ಚಿಯಲ್ಲಿ ಗಂಡ ಅಲೆಅಲೆಯಾಗಿ ಕಾಣುತ್ತಿದ್ದ. ಕಲ್ಲನ್ನು ಮರಳಿನ ಮೇಲೆ ಕೂರಿಸಿದಳು.

"ಅಲ್ಲಲ್ಲ, ಎಡಕ್ಕೆ."

ಅವಳು ಎಡಕ್ಕೆ ಸರಿಸಿದಳು.

"ನಿನ್ನ ಎಡ ಅಲ್ಲ, ನನ್ನ ಎಡ" ಎಂದು ರೇಗಿ, ಕೈ ಎತ್ತಿ, ಬೆರಳು ಚಾಚಿ ಜಾಗ ತೋರಿಸಿದ.